ಕಾವಲುಗಾರನೋ, ಹಿರಿಯಣ್ಣನೋ?



ಬಾದಾಮಿ ತಾಲೂಕಿನ ಮಲಪ್ರಭೆಯ ದಡದಲ್ಲಿರುವ ಶಿವಯೋಗ ಮಂದಿರವನ್ನು ನಮ್ಮ ಭಾಗದವರೆಲ್ಲ ಬಲ್ಲರು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಈ ಮಂದಿರದಲ್ಲಿ ವಟುಗಳು ಗುರುಹಿರಿಯರ ಜೊತೆಯಲ್ಲಿದ್ದು ಕಲಿಯುತ್ತಾರೆ. ಹುಡುಗರು ಬುದ್ಧಿಮಾತಿಗಿಂತ ಹೆಚ್ಚಾಗಿ ಜೊತೆಗಿರುವ ಹಿರಿಯರ ನಡತೆಯಿಂದ ರೂಪುಗೊಳ್ಳುತ್ತಾರೆ. ತಪ್ಪು ದಾರಿ ಹಿಡಿದು ವೀಕ್ಷಣಾಲಯ ಸೇರಿದ ಹುಡುಗನಿಗೂ ಈ ಮಾತು ಅನ್ವಯಿಸುತ್ತದೆ.

2016ರ ಜನವರಿ 15ರಂದು ಜಾರಿಗೆ ಬಂದ ಬಾಲನ್ಯಾಯ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಇಪ್ಪತ್ನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಪರಿವೀಕ್ಷಣಾಧಿಕಾರಿ ಹುಡುಗನ ಮನೆ, ಶಾಲೆ, ಸಹವಾಸಗಳನ್ನು ವಿಚಾರಿಸಿ ಹದಿನೈದು ದಿನಗಳಲ್ಲಿ ವರದಿ ಕೊಡಬೇಕು. ಆ ವರದಿ ಬರೀ ಕಾಗದವಾಗಬಹುದು, ಇಲ್ಲವೇ ಒಂದು ಬದುಕಿನ ತಿರುವಾಗಬಹುದು. ಎಲ್ಲವೂ ಬರೆಯುವವರ ಮನಸ್ಸಿನ ಮೇಲೆ ನಿಂತಿದೆ. ಗೃಹಪಾಲಕರು, ಆಪ್ತಸಮಾಲೋಚಕರು, ಅಡುಗೆಯವರು ಕೂಡ ಹಾಗೆಯೇ. ಹುಡುಗನನ್ನು ಹೆಸರು ಹಿಡಿದು ಕರೆಯುವುದು, ಕೊಟ್ಟ ಮಾತಿಗೆ ತಪ್ಪದಿರುವುದು, ಕೈಯೆತ್ತದೆ ಶಿಸ್ತು ಕಲಿಸುವುದು ಸಣ್ಣ ಕೆಲಸಗಳಲ್ಲ.

ಸಂತ ಡಾನ್ ಬೋಸ್ಕೊ 1841ರಲ್ಲಿ ಗುರುದೀಕ್ಷೆ ಪಡೆದ ಮೇಲೆ ಟ್ಯೂರಿನ್ ನಗರದ ಸೆರೆಮನೆಗಳಿಗೆ ಹೋಗುತ್ತಿದ್ದರು. ಬಿಡುಗಡೆಯಾದ ಹುಡುಗರು ಮತ್ತೆ ಅಲ್ಲಿಗೇ ಮರಳುವುದನ್ನು ಕಂಡು ಮರುಗಿದರು. ಹೊರಗೆ ಅವರಿಗೆ ಆಸರೆಯಾದ ಒಬ್ಬ ಗೆಳೆಯನಿಲ್ಲದ್ದೇ ಕಾರಣವೆಂದು ಅರಿತರು. ವಿವೇಕ, ಧರ್ಮಶ್ರದ್ಧೆ, ವಾತ್ಸಲ್ಯ ಈ ಮೂರೇ ಅವರ ಶಿಕ್ಷಣಕ್ರಮದ ಬುನಾದಿಯಾದವು.

ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2013ರ ಪವಿತ್ರ ಗುರುವಾರ ರೋಮಿನ ಕಾಸಾಲ್ ದೆಲ್ ಮಾರ್ಮೊ ಬಾಲಬಂದೀಖಾನೆಯಲ್ಲಿ ಹನ್ನೆರಡು ಮಂದಿ ತರುಣ ತರುಣಿಯರ ಪಾದ ತೊಳೆದರು. ಅವರಲ್ಲಿ ಮುಸ್ಲಿಮರೂ ಇದ್ದರು. ಯಾವ ಅಪರಾಧವೆಂದು ಕೇಳಿ ತೊಳೆಯಲಿಲ್ಲ.

ಆದರೆ ಸಿಬ್ಬಂದಿಯ ಶ್ರಮ ವೀಕ್ಷಣಾಲಯದ ಬಾಗಿಲಿಗೆ ನಿಲ್ಲುತ್ತದೆ. ಅಲ್ಲಿಂದಾಚೆಗೆ ಹೊಣೆ ನಮ್ಮದು. ಊರಿಗೆ ಬಂದ ಹುಡುಗನನ್ನು "ಜೈಲಿಗೆ ಹೋಗಿ ಬಂದವ" ಎಂದರೆ ಅವರು ತಿಂಗಳುಗಟ್ಟಲೆ ಕಟ್ಟಿದ್ದನ್ನು ನಾವು ಒಂದೇ ಮಾತಿನಲ್ಲಿ ಕೆಡವಿದಂತೆ. ದುಂದುಗಾರ ಮಗನ ಸಾಮತಿಯಲ್ಲಿ ತಂದೆ ಓಡಿಬಂದು ಅಪ್ಪಿಕೊಂಡ, ಅಣ್ಣ ಹೊಸ್ತಿಲಾಚೆ ಮುನಿಸಿಕೊಂಡು ನಿಂತ. ನಮ್ಮ ಧರ್ಮಕೇಂದ್ರ ಯಾರ ಪಾಲಿಗೆ ನಿಲ್ಲುತ್ತದೆ?

ಈ ವಾರ ಮನೆಯ ಜಪಸರದಲ್ಲಿ ಒಂದು ದಶಕವನ್ನು ಆ ಮಕ್ಕಳಿಗಾಗಿ, ಅವರನ್ನು ಕಾಯುವವರಿಗಾಗಿ ಅರ್ಪಿಸೋಣ. ಅಂಥ ಹುಡುಗನೊಬ್ಬ ನಮ್ಮ ಓಣಿಗೆ ಮರಳಿದ್ದರೆ ಊಟಕ್ಕೆ ಕರೆಯೋಣ, ಕೆಲಸ ಕಲಿಯಲು ನೆರವಾಗೋಣ. ಸೆರೆಯಲ್ಲಿದ್ದವರನ್ನು ಕಂಡವರು ತಮ್ಮನ್ನೇ ಕಂಡರೆಂದು ಹೇಳಿದವರು ಯೇಸುಸ್ವಾಮಿ.