ಬಿ.ಎಡ್. ಅರ್ಜಿಗೆ ಮೊದಲು ತರಗತಿಯ ಕಡೆಯ ಬೆಂಚು

ಪದವಿ ಪರೀಕ್ಷೆಯ ಫಲಿತಾಂಶ ಹೊರಬಿದ್ದು, ಬಿ.ಎಡ್. ಪ್ರವೇಶದ ಪ್ರಕಟಣೆಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳತೊಡಗುವ ದಿನಗಳಲ್ಲಿ, ಮಗನ ಅಥವಾ ಮಗಳ ಮುಂದಿನ ದಾರಿಯ ವಿಚಾರವಾಗಿ ಮನೆಗಳಲ್ಲಿ ನಡೆಯುವ ಸಮಾಲೋಚನೆಯು ಬಹುಮಟ್ಟಿಗೆ ಎರಡೇ ಮಾತುಗಳಲ್ಲಿ ಮುಗಿದುಹೋಗುವುದನ್ನು ನಾನು ಕಂಡಿದ್ದೇನೆ: ಹುಡುಗನಾದರೆ “ಬೇರೇನೂ ಸಿಗದಿದ್ದರೆ ಮೇಷ್ಟ್ರ ಕೆಲಸವಾದರೂ ಇರಲಿ” ಎಂಬುದು ಒಂದು, ಹುಡುಗಿಯಾದರೆ “ಟೀಚರ್ ಕೆಲಸ ಹೆಣ್ಣುಮಕ್ಕಳಿಗೆ ಅನುಕೂಲ” ಎಂಬುದು ಇನ್ನೊಂದು. ಈ ಎರಡು ಮಾತುಗಳಲ್ಲಿಯೂ ಸಂಬಳವುಂಟು, ರಜೆಯುಂಟು, ಊರವರ ಮರ್ಯಾದೆಯುಂಟು. ಕಲಿಯಬೇಕಾದ ಮಗು ಮಾತ್ರ ಎಲ್ಲಿಯೂ ಇಲ್ಲ. ಹೀಗೆ ನಿಶ್ಚಯಿಸಿಕೊಂಡವರು ಶುಲ್ಕ ಕಟ್ಟಿ, ಎರಡು ವರ್ಷಗಳ ಶಿಕ್ಷಣದಲ್ಲಿ ಒಂದು ವರ್ಷವನ್ನು ಕಳೆದು, ಶಾಲಾನುಭವದ ಬಹುಭಾಗವು ಬರುವ ಎರಡನೆಯ ವರ್ಷದಲ್ಲಿ ಮಕ್ಕಳೆದುರು ನಿಂತಾಗ, ಈ ವೃತ್ತಿ ತಮ್ಮ ಸ್ವಭಾವಕ್ಕೆ ಒಗ್ಗತಕ್ಕದ್ದಲ್ಲವೆಂದು ಅರಿತರೂ ಹಿಂದಿರುಗಲಾರದೆ ಮುಂದುವರಿಯುತ್ತಾರೆ. ಆ ತಪ್ಪಿನ ಫಲವನ್ನು ಮೂರು ದಶಕಗಳ ಕಾಲ ಮಕ್ಕಳು ಅನುಭವಿಸಬೇಕಾಗುತ್ತದೆ. ಆದಕಾರಣ ಈ ಕ್ರಮವನ್ನು ತಿರುಗಿಸಬೇಕು: ಮೊದಲು ತರಗತಿ, ಆಮೇಲೆ ಅರ್ಜಿ. ಅದನ್ನು ಹೇಗೆ ಮಾಡಬಹುದೆಂಬುದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ಮೊದಲು ತೀರ್ಮಾನಿಸಬೇಕಾದುದು ಯಾವ ವಯಸ್ಸಿನ ಮಕ್ಕಳಿಗೆ ಕಲಿಸಬೇಕೆಂಬುದನ್ನು. ಅರ್ಹತೆಯೂ ಅದನ್ನೇ ಅವಲಂಬಿಸಿದೆ. ಒಂದರಿಂದ ಐದನೆಯ ತರಗತಿಯವರೆಗೆ ಕಲಿಸುವವರಿಗೆ ಪಿಯುಸಿಯ ನಂತರದ ಎರಡು ವರ್ಷಗಳ ಡಿ.ಎಲ್.ಎಡ್. ಬೇಕು, ಕೇವಲ ಬಿ.ಎಡ್. ಇದ್ದವರು ಈ ತರಗತಿಗಳಿಗೆ ಅರ್ಹರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2023ರ ಆಗಸ್ಟ್‌ನಲ್ಲಿ ತೀರ್ಪಿತ್ತಿದೆ. ಆರರಿಂದ ಎಂಟಕ್ಕೆ ಪದವಿಯೊಡನೆ ಡಿ.ಎಲ್.ಎಡ್. ಅಥವಾ ಬಿ.ಎಡ್., ಪ್ರೌಢಶಾಲೆಗೆ ಪದವಿ ಮತ್ತು ಬಿ.ಎಡ್. ಎಂಬುದು ಸ್ಥೂಲವಾದ ನಿಯಮ. ಎಂಟನೆಯ ತರಗತಿಯವರೆಗಿನ ಹುದ್ದೆಗಳಿಗೆ ಟಿಇಟಿ ಎಂಬ ಅರ್ಹತಾ ಪರೀಕ್ಷೆಯೂ ಆಗಬೇಕು: 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ, ಸಾಮಾನ್ಯವಾಗಿ ಶೇ. 60 ಅಂಕ ಬೇಕು, ಪರಿಶಿಷ್ಟರಿಗೆ ರಿಯಾಯಿತಿಯುಂಟು. ಟಿಇಟಿಯಲ್ಲಿ ತೇರ್ಗಡೆಯಾದರೆ ಅರ್ಹತೆ ಬಂದಂತಾಯಿತೇ ಹೊರತು ಕೆಲಸ ಬಂದಂತಾಗಲಿಲ್ಲ ಎಂಬುದನ್ನು ಇಲ್ಲಿಯೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಎರಡನೆಯದಾಗಿ, ನೀವು ಓದಿದ ಶಾಲೆಯನ್ನು ಬಿಟ್ಟು, ನಿಮ್ಮ ಪರಿಚಯವಿಲ್ಲದ ಒಂದು ಸಾಧಾರಣ ಶಾಲೆಯನ್ನು ಆರಿಸಿಕೊಂಡು, ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಟ್ಟು, ಎರಡು ವಾರ ತರಗತಿಯಲ್ಲಿ ಕುಳಿತಿರಲು ಅನುಮತಿ ಕೇಳಿರಿ. ಸರ್ಕಾರಿ ಶಾಲೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಂದು ಪತ್ರವನ್ನು ತರಲು ಅವರು ಹೇಳಬಹುದು. ಅದು ಅವರ ಹೊಣೆಗಾರಿಕೆ, ಬೇಸರಪಡಬೇಡಿ. ಪ್ರತಿಭಾ ಕಾರಂಜಿಯ ವಾರವನ್ನಾಗಲಿ, ಪರೀಕ್ಷೆಯ ವಾರವನ್ನಾಗಲಿ ಆರಿಸಿಕೊಳ್ಳಬೇಡಿ. ಮೊಬೈಲನ್ನು ಚೀಲದಲ್ಲಿಯೇ ಬಿಡಿ. ಮಕ್ಕಳ ಭಾವಚಿತ್ರ ತೆಗೆಯುವುದು ಸರ್ವಥಾ ಕೂಡದು.

ಕಡೆಯ ಬೆಂಚಿನಲ್ಲಿ ಕುಳಿತು ನೋಡಬೇಕಾದುದು ಶಿಕ್ಷಕರನ್ನಲ್ಲ, ಮಕ್ಕಳನ್ನು. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲ್ಗೊಂಡು ಅನಂತರ ರಾಜ್ಯಾದ್ಯಂತ ವ್ಯಾಪಿಸಿದ ನಲಿಕಲಿ ತರಗತಿಯೊಂದು ನಿಮಗೆ ದೊರೆತರೆ ಅದು ಮಹಾಭಾಗ್ಯವೆಂದೇ ತಿಳಿಯಿರಿ. ಏಕೆಂದರೆ ಒಂದೇ ಕೊಠಡಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ‘ತಟ್ಟೆ’ಗಳೆಂದು ಕರೆಯಲ್ಪಡುವ ಐದು ಗುಂಪುಗಳಲ್ಲಿ ಕುಳಿತು, ಒಂದು ಗುಂಪು ಶಿಕ್ಷಕರ ಪೂರ್ಣ ಸಹಾಯದಿಂದಲೂ, ಇನ್ನೊಂದು ಗೆಳೆಯರ ಸಹಾಯದಿಂದಲೂ, ಮತ್ತೊಂದು ತಾನೇ ತಾನಾಗಿಯೂ ಕಲಿಯುತ್ತಿರುವಾಗ, ನೆಲದ ಮೇಲೆ ಮಕ್ಕಳ ನಡುವೆ ಕುಳಿತ ಶಿಕ್ಷಕಿಯ ಗಮನವು ಏಕಕಾಲದಲ್ಲಿ ಎಷ್ಟು ದಿಕ್ಕುಗಳಿಗೆ ಹರಿಯಬೇಕಾಗುತ್ತದೆಂಬುದನ್ನು ಅಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು. ಚೆನ್ನಾಗಿ ಮಾತನಾಡಬಲ್ಲವನೇ ಒಳ್ಳೆಯ ಶಿಕ್ಷಕನೆಂಬ ಭ್ರಮೆಯು ಆ ಕೊಠಡಿಯಲ್ಲಿ ಅರ್ಧ ಗಂಟೆಯೊಳಗೆ ಕಳೆದುಹೋಗುತ್ತದೆ. ಸಂಕೋಚ ಸ್ವಭಾವದವರು, ಮಿತಭಾಷಿಗಳು ಈ ವೃತ್ತಿಗೆ ಸಲ್ಲರೆಂಬುದು ಸುಳ್ಳು. ಅಂಥವರಲ್ಲಿ ಅತ್ಯುತ್ತಮ ಶಿಕ್ಷಕರನ್ನು ನಾನು ಬಲ್ಲೆ.

ಇನ್ನು ಮೂರನೆಯ ಹೆಜ್ಜೆ. ಅತ್ಯಂತ ಹೆಚ್ಚು ಜನ ಎಡವುವುದು ಇಲ್ಲಿಯೇ ಆದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಆಕಾಂಕ್ಷಿಗಳು ಒಂದು ದಿನ ಶಾಲೆಗೆ ಹೋಗಿ, ತಮಗೆ ಚೆನ್ನಾಗಿ ಬರುವ ಒಂದು ಪಾಠವನ್ನೋ ಕಥೆಯನ್ನೋ ಹೇಳಿ, ಮಕ್ಕಳು ಕಣ್ಣರಳಿಸಿ ಕೇಳಿದುದನ್ನೂ, “ಅರ್ಥವಾಯಿತೇ?” ಎಂದರೆ ಒಕ್ಕೊರಲಿನಿಂದ “ಹೌದು ಸಾರ್” ಎಂದುದನ್ನೂ, ಹೊರಡುವಾಗ “ನಾಳೆಯೂ ಬನ್ನಿ” ಎಂದು ಕೈ ಹಿಡಿದುಕೊಂಡುದನ್ನೂ ಕಂಡು, ತಾವು ಹುಟ್ಟು ಶಿಕ್ಷಕರೆಂದು ನಿಶ್ಚಯಿಸಿಬಿಡುತ್ತಾರೆ. ಆ ದಿನದ ಸಂತೋಷ ನಿಜವಾದದ್ದೇ. ಆದರೆ ಅದು ಯಾವುದಕ್ಕೂ ಪ್ರಮಾಣವಲ್ಲ. ಹೊಸಬರನ್ನು ಕಂಡರೆ ಮಕ್ಕಳು ಹಿಗ್ಗುತ್ತಾರೆ. ಹೊಸಬರು ಯಾರೇ ಆದರೂ ಹಿಗ್ಗುತ್ತಾರೆ. ಒಕ್ಕೊರಲಿನ ‘ಹೌದು’ ಎಂಬುದು ಮುಂದಿನ ಸಾಲಿನ ನಾಲ್ಕಾರು ಮಕ್ಕಳ ಉತ್ತರ. ಉಳಿದವರು ದನಿಗೂಡಿಸುತ್ತಾರೆ, ಅಷ್ಟೆ. ಶಿಕ್ಷಕ ದಿನಾಚರಣೆಯ ಭಾಷಣಗಳಲ್ಲಿ, 1921ರಲ್ಲಿ ರಾಧಾಕೃಷ್ಣನ್ ಅವರು ಮೈಸೂರನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆಗಳನ್ನು ಬಿಚ್ಚಿ ತಾವೇ ಸಾರೋಟನ್ನು ಎಳೆದ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಅಂಥ ಪ್ರೀತಿಯನ್ನು ಗುರಿಯಾಗಿಟ್ಟುಕೊಂಡು ಈ ವೃತ್ತಿಗೆ ಬರುವವರು, ಅದು ದೊರೆಯದ ಸಾವಿರಾರು ಸಾಧಾರಣ ದಿನಗಳನ್ನು ಹೇಗೆ ಕಳೆಯುವೆವೆಂಬುದನ್ನು ಯೋಚಿಸಿರುವುದಿಲ್ಲ.

ಆದುದರಿಂದ ಒಂದು ದಿನದ ಪಾಠಕ್ಕೆ ನಿಲ್ಲಬೇಡಿ. ಒಂದು ಪಾಠವನ್ನು ಒಂದು ವಿಭಾಗಕ್ಕೆ ಮಾಡಿ, ಮರುದಿನ ಅದನ್ನೇ ಇನ್ನೊಂದು ವಿಭಾಗಕ್ಕೆ ಮಾಡಿ, ಮೂರನೆಯ ದಿನ ಎರಡೂ ಕಡೆ ಅರ್ಥವಾಗದ ಮಕ್ಕಳನ್ನಷ್ಟೇ ಕೂರಿಸಿಕೊಂಡು ಮತ್ತೆ ಅದನ್ನೇ ಮಾಡಿ. ಬಳಿಕ ಆ ಮಕ್ಕಳ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಕುಳಿತುಕೊಳ್ಳಿ. ಉದಾಹರಣೆಗೆ, ದಶಕ ಸಹಿತ ಕಳೆಯುವ ಲೆಕ್ಕವನ್ನೇ ಎತ್ತಿಕೊಳ್ಳೋಣ: 52ರಲ್ಲಿ 27ನ್ನು ಕಳೆಯಿರಿ ಎಂದರೆ 35 ಎಂದು ಬರೆದ ಮಕ್ಕಳು ಪ್ರತಿಯೊಂದು ತರಗತಿಯಲ್ಲಿಯೂ ಸಿಗುತ್ತಾರೆ. ಕೆಂಪು ಶಾಯಿಯಿಂದ ತಪ್ಪು ಗುರುತು ಹಾಕಿ ಮುಂದಿನ ಪುಸ್ತಕಕ್ಕೆ ಹೋಗುವುದು ಸುಲಭ. ಆದರೆ ಒಂದು ಮಗು, ಎರಡರಲ್ಲಿ ಏಳು ಹೋಗದೆಂದು ತಿಳಿದು, ಏಳರಲ್ಲಿಯೇ ಎರಡನ್ನು ಕಳೆದು ಐದು ಬರೆದು, ಐದು ಹತ್ತುಗಳಲ್ಲಿ ಎರಡನ್ನು ಕಳೆದು ಮೂರು ಬರೆದಿರುತ್ತದೆ. ಪಕ್ಕದ ಮಗುವು ಸರಿಯಾಗಿಯೇ ಒಂದು ಹತ್ತನ್ನು ಬಿಡಿ ಸ್ಥಾನಕ್ಕೆ ತಂದುಕೊಂಡು ಹನ್ನೆರಡರಲ್ಲಿ ಏಳನ್ನು ಕಳೆದು ಐದು ಬರೆದು, ತಾನು ತಂದುಕೊಂಡ ಹತ್ತನ್ನು ಆ ಕಡೆ ಕಡಿಮೆ ಮಾಡುವುದನ್ನು ಮರೆತಿರುತ್ತದೆ. ಉತ್ತರ ಎರಡೂ ಕಡೆ 35. ಅಜ್ಞಾನ ಮಾತ್ರ ಬೇರೆ ಬೇರೆ. ಮೊದಲನೆಯ ಮಗುವಿಗೆ ಕಡ್ಡಿಗಳ ಕಟ್ಟನ್ನು ಕೈಗೆ ಕೊಟ್ಟು, ಬಿಚ್ಚಿಸಿ ತೋರಿಸಬೇಕು; ಎರಡನೆಯದಕ್ಕೆ “ಕಟ್ಟು ಬಿಚ್ಚಿದೆಯಲ್ಲ ಮರಿ, ಈಗ ಎಷ್ಟು ಕಟ್ಟು ಉಳಿಯಿತು?” ಎಂಬ ಒಂದು ಪ್ರಶ್ನೆ ಸಾಕು. ಈ ಭೇದವು ಪುಸ್ತಕವನ್ನು ನೋಡಿದರೆ ತಿಳಿಯುವುದಿಲ್ಲ, ಮಗುವನ್ನು ಕರೆದು “ಹೇಗೆ ಮಾಡಿದೆ, ಹೇಳು” ಎಂದು ಕೇಳಿದರೆ ಮಾತ್ರ ತಿಳಿಯುತ್ತದೆ. ‘ಐನೂರ ಮೂರು’ ಎಂಬುದನ್ನು 5003 ಎಂದು ಬರೆಯುವ ಮಗುವೂ ಹಾಗೆಯೇ: ಅದು ಕೇಳಿಸಿಕೊಂಡ ಹಾಗೆ ಬರೆದಿದೆ, ಐನೂರು ಬರೆದು ಅದರ ಮುಂದೆ ಮೂರನ್ನು ಇಟ್ಟಿದೆ, ಅದರ ತರ್ಕದಲ್ಲಿ ಲೋಪವಿಲ್ಲ, ಸ್ಥಾನಬೆಲೆಯ ತಿಳಿವಳಿಕೆಯಲ್ಲಿ ಇದೆ.

ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಏಳನೆಯ ಪುಸ್ತಕದಲ್ಲಿಯೂ ಅದೇ 35 ಎದುರಾದಾಗ ನಿಮ್ಮಲ್ಲಿ ಹುಟ್ಟಿದುದು ಸಿಟ್ಟೋ, ಇದು ಎಲ್ಲಿಂದ ಬಂತೆಂಬ ಕುತೂಹಲವೋ? ಆಯಾಸವಾಗುವುದು ದೋಷವಲ್ಲ, ಎಲ್ಲರಿಗೂ ಆಗುತ್ತದೆ. ಮೊದಲ ದಿನಗಳ ಗಾಬರಿಯೂ ದೋಷವಲ್ಲ, ಅದು ಅಭ್ಯಾಸದಿಂದ ಹೋಗುತ್ತದೆ. ಆದರೆ ಮಗು ತಪ್ಪು ಮಾಡಿದುದು ನಿಮ್ಮ ಪಾಠಕ್ಕೆ ತೋರಿದ ಅಗೌರವವೆಂದು ಎರಡು ವಾರಗಳ ಕೊನೆಯಲ್ಲಿಯೂ ಅನ್ನಿಸುತ್ತಿದ್ದರೆ, ದಯವಿಟ್ಟು ಈ ವೃತ್ತಿಯನ್ನು ಕೈಬಿಡಿ. ಇಷ್ಟು ನಿಷ್ಠುರವಾಗಿ ಹೇಳುವುದಕ್ಕೆ ಕಾರಣ, ಅಂಥ ಶಿಕ್ಷಕರ ಕೈಯಲ್ಲಿ ಲೆಕ್ಕವೆಂದರೆ ನಡುಗುವಂತಾದ ಮಕ್ಕಳನ್ನು ನಾನು ಹಲವರನ್ನು ನೋಡಿದ್ದೇನೆ. ಬೆತ್ತವಿಲ್ಲದೆ ವಿದ್ಯೆಯಿಲ್ಲವೆಂದು ನಂಬಿದವರಿಗೂ ಇದೇ ಮಾತು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ನಿಷೇಧಿಸಿದೆ.

ನಾಲ್ಕನೆಯದು, ಪಾಠದ ಹೊರಗಿನ ಕೆಲಸವನ್ನು ನೋಡುವುದು. ಆ ಎರಡು ವಾರಗಳಲ್ಲಿ ಒಂದು ದಿನವನ್ನು ತರಗತಿಗೆ ಹೋಗದೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕಳೆಯಿರಿ. ಬಿಸಿಯೂಟದ ಅಕ್ಕಿ-ಬೇಳೆಯ ಲೆಕ್ಕ, ಹಾಲಿನ ಪುಡಿಯ ದಾಸ್ತಾನು, ವಿದ್ಯಾರ್ಥಿಗಳ ವಿವರವನ್ನು ಆನ್‌ಲೈನಿನಲ್ಲಿ ತುಂಬುವುದು, ಪಾಠ ಟಿಪ್ಪಣಿ, ಎಸ್‌ಡಿಎಂಸಿ ಸಭೆ, ವರ್ಗಾವಣೆ ಪತ್ರ ಕೇಳಿಕೊಂಡು ಬಂದ ಪೋಷಕರು, ಇವೆಲ್ಲವೂ ಒಬ್ಬರೋ ಇಬ್ಬರೋ ಶಿಕ್ಷಕರ ಮೇಲೆ ಬೀಳುವುದನ್ನು ಕಾಣುವಿರಿ. ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ನಿಯೋಜಿಸಕೂಡದೆಂದು ಕಾಯಿದೆಯ 27ನೆಯ ಪ್ರಕರಣ ಹೇಳುತ್ತದಾದರೂ, ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವುಗಳನ್ನು ಅದೇ ಪ್ರಕರಣವು ಹೊರತುಪಡಿಸಿದೆ. 2025ರ ದಸರೆಯ ಸಮಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರಲ್ಲಿಯೂ ಬಹುಪಾಲು ಶಿಕ್ಷಕರೇ. ಈ ಭಾರವು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ಅದು ಇರುವುದನ್ನು ತಿಳಿದುಕೊಂಡೇ ಬರಬೇಕು. ‘ಅರ್ಧ ದಿನದ ಕೆಲಸ’ ಎಂಬ ಮಾತನ್ನಂತೂ ಮರೆತುಬಿಡಿ: ಪಾಠದ ಸಿದ್ಧತೆಯೂ ಸೇರಿದಂತೆ ವಾರಕ್ಕೆ ಕನಿಷ್ಠ 45 ಗಂಟೆಗಳ ದುಡಿಮೆಯನ್ನು ಅದೇ ಕಾಯಿದೆಯ ಅನುಸೂಚಿಯು ವಿಧಿಸುತ್ತದೆ.

ಹಣದ ವಿಚಾರ. ಸರ್ಕಾರಿ ನೇಮಕಾತಿ ಪ್ರತಿವರ್ಷವೂ ನಡೆಯುವುದಿಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆಯಾದಂಥ ಸಂದರ್ಭಗಳು ಅಪರೂಪ. ನಡುವಿನ ವರ್ಷಗಳನ್ನು ಅನೇಕರು ಅತಿಥಿ ಶಿಕ್ಷಕರಾಗಿ, ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಆಸುಪಾಸಿನ ಗೌರವಧನದಲ್ಲಿ, ಬೇಸಿಗೆ ರಜೆಯಲ್ಲಿ ಅದೂ ಇಲ್ಲದೆ, ಕಳೆಯುತ್ತಾರೆ. ಚಿಕ್ಕ ಊರುಗಳ ಖಾಸಗಿ ಶಾಲೆಗಳಲ್ಲಿ ಅದಕ್ಕಿಂತ ಕಡಿಮೆ ಕೊಡುವುದೂ ಉಂಟು. ಮೂರು ನಾಲ್ಕು ವರ್ಷ ಹೀಗೆ ನಡೆದರೆ ಮನೆ ತಾಳಿಕೊಳ್ಳುವುದೇ ಎಂಬುದನ್ನು ತಂದೆ ತಾಯಿಗಳೊಡನೆ, ಮದುವೆಯಾದವರು ಸಂಗಾತಿಯೊಡನೆ, ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕು.

ಸ್ಥಳಾಭಾವದಿಂದ ಉಳಿದುದನ್ನು ಸಂಕ್ಷೇಪಿಸುತ್ತೇನೆ. ಮೊದಲ ನೇಮಕಾತಿ ದೂರದ ತಾಲ್ಲೂಕಿಗೆ ಆಗಬಹುದು, ವರ್ಗಾವಣೆಗೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಗಂಟಲಿನ ತೊಂದರೆ ಇದ್ದವರು ವೈದ್ಯರನ್ನು ಮೊದಲೇ ಕಾಣಿರಿ. ಕಾಲೇಜಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ ಮಾನ್ಯತೆ ಇದೆಯೇ ಎಂಬುದನ್ನು ಮಂಡಳಿಯ ಜಾಲತಾಣದಲ್ಲಿ ನೀವೇ ಪರಿಶೀಲಿಸಿ, ದಲ್ಲಾಳಿಯ ಮಾತನ್ನು ನಂಬಬೇಡಿ. “ತರಗತಿಗೆ ಬರಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು” ಎನ್ನುವ ಸಂಸ್ಥೆಯ ಹತ್ತಿರಕ್ಕೂ ಹೋಗಬೇಡಿ. ಪ್ರವೇಶದ ಸಮಯದಲ್ಲಿ ಮೂಲ ಅಂಕಪಟ್ಟಿಗಳನ್ನು ಒಪ್ಪಿಸಬೇಕಾಗಿ ಬಂದರೆ, ಸಹಿ ಮೊಹರು ಇರುವ ರಸೀದಿಯನ್ನು ಪಡೆಯದೆ ಕೊಡಬೇಡಿ.