ರೂಡ್ ಎಂದರೇನು?

ಅದು ಸಿಂಗಾನಲ್ಲೂರಿನ ಬಸ್ ನಿಲ್ದಾಣ. ಮಧುರೆ, ತಿರುಚ್ಚಿ ಕಡೆಯ ಬಸ್ಸುಗಳು ಅಲ್ಲಿಂದ ಹೊರಡುತ್ತವೆ. ಒಬ್ಬ ಹುಡುಗ ಮತ್ತು ಅವನ ತಂಗಿ ತಾತನಿಗಾಗಿ ಕಾಯುತ್ತಿದ್ದರು. ಅವರು ಕನ್ನಡ ಮಾತನಾಡುವುದನ್ನು ಕೇಳಿ ಒಬ್ಬ ಅಜ್ಜಿ ಹತ್ತಿರ ಬಂದರು.

"ಮಧುರೆ ಬಸ್ಸು ಯಾವುದು ಮಗಾ?"

ಹುಡುಗ ಕಡಲೆಕಾಯಿ ತಿನ್ನುತ್ತಿದ್ದ. "ಬೋರ್ಡು ಇದೆಯಲ್ಲ, ನೋಡ್ಕೋ ಹೋಗು" ಎಂದ.

ಅಜ್ಜಿಗೆ ಓದಲು ಬಾರದು. ಅವರು ಸುಮ್ಮನೆ ಮುಂದೆ ಹೋದರು. ಪಕ್ಕದಲ್ಲಿದ್ದ ಒಬ್ಬರು "ರೂಡ್ ಬಾಯ್!" ಎಂದು ಎದ್ದು ಹೋದರು.

ತಾತ ಬಂದರು. "ತಾತ, ಒಬ್ಬರು ನನ್ನನ್ನು ರೂಡ್ ಬಾಯ್ ಅಂದರು. ಗುಡ್ ಬಾಯ್ ಅಂದ ಹಾಗೇನಾ?" ಎಂದು ಹುಡುಗ ಕೇಳಿದ. ತಂಗಿ ನಡೆದುದನ್ನೆಲ್ಲ ಹೇಳಿದಳು.

ತಾತ ಮಗ್ಗ ನೇಯುವವರು. ಕೈಯಲ್ಲಿದ್ದ ಗೋಣಿಚೀಲವನ್ನು ಚಾಚಿ, "ಮುಟ್ಟಿ ನೋಡು, ಹೇಗಿದೆ?" ಎಂದರು.

"ಒರಟು."

"ನನ್ನ ಪಂಚೆ?"

"ನಯ."

"ಅಜ್ಜಿಗೆ ನೀನು ಕೊಟ್ಟ ಉತ್ತರ ಯಾವುದರ ಹಾಗಿತ್ತು?"

ಹುಡುಗ ಮಾತಾಡಲಿಲ್ಲ.

ಮಕ್ಕಳೇ, 'ರೂಡ್' ಎಂಬ ಇಂಗ್ಲಿಷ್ ಪದವು ಲ್ಯಾಟಿನ್ ಭಾಷೆಯ 'ರುಡಿಸ್' ಎಂಬ ಪದದಿಂದ ಬಂದಿದೆ. ಹದ ಮಾಡದ, ಒರಟಾದ ಎಂದು ಅದರ ಅರ್ಥ. ನಮ್ಮ ನುಡಿಯಲ್ಲೂ ಹಾಗೆಯೇ ಅಲ್ಲವೆ? ಬಟ್ಟೆಯೂ ಒರಟು, ಮಾತೂ ಒರಟು. (ಇದನ್ನು 'ರೂಢಿ' ಎಂಬ ಪದದೊಡನೆ ಬೆರೆಸಬೇಡಿರಿ. ಅದು ಬೇರೆ.)

'ಗೊತ್ತಿಲ್ಲ' ಎನ್ನುವುದು ರೂಡ್ ಅಲ್ಲ. "ಗೊತ್ತಿಲ್ಲ ಅಜ್ಜಿ, ಕೇಳಿ ಹೇಳುತ್ತೇನೆ" ಎಂದರೆ ಯಾರಿಗೂ ನೋವಾಗದು. "ಗೊತ್ತಿಲ್ಲ, ಹೋಗು" ಎಂದರೆ ರೂಡ್. ಮನೆಯಲ್ಲಿ "ಅಮ್ಮ, ನೀನು ಬಾ" ಎನ್ನುತ್ತೇವೆ. ಅದರಲ್ಲಿ ಸಲಿಗೆಯಿದೆ, ಒರಟುತನವಿಲ್ಲ. ಹೊರಗಿನ ಹಿರಿಯರಿಗಾದರೆ 'ಬನ್ನಿ' ಎನ್ನಬೇಕು. ತಮಿಳಿನಲ್ಲಿ 'ವಾಂಗ' ಎನ್ನುವುದಿಲ್ಲವೆ? ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ 'ಯು' ಒಂದೇ. ಅವರು 'ಪ್ಲೀಸ್', 'ಸಾರಿ' ಮುಂತಾದ ಪದಗಳನ್ನು ಸೇರಿಸಿ ಮಾತನ್ನು ನಯ ಮಾಡುತ್ತಾರೆ.

"ಆ ಅಜ್ಜಿಗೆ ಬಸ್ಸು ಸಿಕ್ಕಿತೆ?" ತಾತ ಕೇಳಿದರು.

ಹುಡುಗ ಎದ್ದು ನಿಂತು ಸುತ್ತಲೂ ನೋಡಿದ. ಮಧುರೆಯ ಬಸ್ಸು ಹೊರಟುಹೋಗಿತ್ತು. ಅಜ್ಜಿ ಅದರಲ್ಲಿ ಇದ್ದರೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಅಭ್ಯಾಸ

1. ಅಜ್ಜಿ ಈ ಹುಡುಗನನ್ನೇ ಏಕೆ ಕೇಳಿದರು?
2. "ಸರಿದು ಕೂತ್ಕೋ" – ಇದನ್ನು ಬಸ್ಸಿನಲ್ಲಿ ಹಿರಿಯರೊಬ್ಬರಿಗೆ ಹೇಳುವಂತೆ ಬದಲಿಸಿ ಬರೆಯಿರಿ.
3. ಒರಟಾದ ನಾಲ್ಕು ವಸ್ತುಗಳನ್ನು ಮುಟ್ಟಿ ನೋಡಿ ಹೆಸರಿಸಿರಿ.