ಪುಟ್ಟ ರೈಲುಗಳಿಗೊಂದು ಪಟ್ಟಿ

ವಸ್ತುಗಳನ್ನು ಕೂಡಿಡುವ ಬಯಕೆ ಮಾನವನಿಗೆ ಸಹಜವಾದುದು. ಒಬ್ಬನು ಅಂಚೆಚೀಟಿಗಳನ್ನು ಕೂಡಿಸುತ್ತಾನೆ. ಇನ್ನೊಬ್ಬನು ಹಳೆಯ ನಾಣ್ಯಗಳನ್ನು ಅರಸುತ್ತಾನೆ. ಮತ್ತೊಬ್ಬನಿಗೆ ರೈಲುಗಳ ಪುಟ್ಟ ಮಾದರಿಗಳಲ್ಲಿ ಆಸಕ್ತಿ. ಆದರೆ ಕೂಡಿಟ್ಟ ಮಾತ್ರಕ್ಕೆ ರಾಶಿಯು ಸಂಗ್ರಹವೆನಿಸದು. ವಸ್ತು ಯಾವುದು, ಎಲ್ಲಿಂದ ಬಂದುದು, ಈಗ ಎಲ್ಲಿದೆ ಎಂಬುದನ್ನು ತಿಳಿಸುವ ಪಟ್ಟಿಯೊಂದು ಜೊತೆಗಿದ್ದಾಗಲೇ ಅದು ಸಂಗ್ರಹ. ಪಟ್ಟಿಯಿಲ್ಲದಿದ್ದರೆ ತಿಳಿವಳಿಕೆಯೆಲ್ಲ ಒಡೆಯನ ನೆನಪಿನಲ್ಲಿ ಮಾತ್ರ ಇರುತ್ತದೆ. ಆ ನೆನಪು ಮಾಸಿದಂದು ಉಳಿಯುವುದು ಆಟಿಕೆಗಳ ರಾಶಿ.

ಬೆಳಗಾವಿ ಮತ್ತು ಖಾನಾಪುರಗಳ ಮೂಲಕ ಹಾದುಹೋಗುವ ರೈಲುಮಾರ್ಗವನ್ನೇ ನೋಡಿರಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಮರಾಠಾ ರೈಲ್ವೆಯು ಇಲ್ಲಿ ಮೀಟರ್ ಗೇಜ್ ಹಳಿಗಳನ್ನು ಹಾಕಿತು. 1908ರಲ್ಲಿ ಅದು ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆಯಾಯಿತು. 1951ರಲ್ಲಿ ಈ ಮಾರ್ಗ ದಕ್ಷಿಣ ರೈಲ್ವೆಗೂ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೂ, 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈಋತ್ಯ ರೈಲ್ವೆಗೂ ಸೇರಿತು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿತು. ಹೀಗೆ ಕಣ್ಮರೆಯಾದ ಬಂಡಿಗಳನ್ನು ಇಂದು ವಸ್ತುಸಂಗ್ರಹಾಲಯಗಳಲ್ಲಿ ನೋಡಬೇಕು. ಇಲ್ಲವೇ ಮಾದರಿಗಳಲ್ಲಿ ಕಾಣಬೇಕು. ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ನಿಜವಾದ ಎಂಜಿನುಗಳಿವೆ. ಪುಣೆಯಲ್ಲಿ 1998ರಲ್ಲಿ ಆರಂಭವಾದ ಜೋಶಿಯವರ ಸಂಗ್ರಹಾಲಯದಲ್ಲಿ ಪುಟ್ಟ ರೈಲುಗಳು ಓಡುತ್ತವೆ. ಮನೆಯ ಕಪಾಟಿನಲ್ಲಿರುವ ಒಂದು ಮಾದರಿಯೂ ಸರಿಯಾದ ವಿವರಣೆಯಿದ್ದರೆ ಇತಿಹಾಸಕ್ಕೆ ಸಾಕ್ಷಿಯಾಗಬಲ್ಲುದು.

ಇಬ್ಬರು ಸಹೋದರರು ತಂದೆಯಿಂದ ಬಂದ ಇಂತಹ ಇನ್ನೂರು ಮಾದರಿಗಳನ್ನು ಕಾಪಾಡುತ್ತಿದ್ದಾರೆಂದು ಭಾವಿಸೋಣ. ಅಣ್ಣನ ಮನೆ ಬೆಳಗಾವಿಯಲ್ಲಿ, ತಮ್ಮನದು ಖಾನಾಪುರದಲ್ಲಿ. ಪಟ್ಟಿಯನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಬೇಕೆಂದು ಅವರು ನಿಶ್ಚಯಿಸುತ್ತಾರೆ. "ಯಾವ ತಂತ್ರಾಂಶ ಉತ್ತಮ?" ಎಂಬುದೇ ಅವರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: "ಈ ಪಟ್ಟಿಯಿಂದ ನಾವು ಏನನ್ನು ತಿಳಿಯಬಯಸುತ್ತೇವೆ?" ಅಳತೆ ತೆಗೆದುಕೊಳ್ಳದೆ ಅಂಗಿ ಹೊಲಿಸುವವರುಂಟೇ?

ಆದುದರಿಂದ ಮೊದಲು ಕಾಗದದ ಮೇಲೆ ಕಲಮುಗಳನ್ನು ಗುರುತಿಸಬೇಕು. ಪ್ರತಿಯೊಂದು ಮಾದರಿಗೂ ಮತ್ತೊಂದಕ್ಕೆ ಇಲ್ಲದ ಒಂದು ಸಂಖ್ಯೆ ಬೇಕು. ಅದನ್ನು 001, 002 ಎಂದು ಬರೆಯುವುದು ಲೇಸು. ಏಕೆಂದರೆ ಸಂಖ್ಯೆಗಳನ್ನು ಅಕ್ಷರಗಳಂತೆ ಜೋಡಿಸುವಾಗ ಯಂತ್ರವು 2ಕ್ಕಿಂತ ಮೊದಲು 10ನ್ನು ಇರಿಸುತ್ತದೆ. ಬಳಿಕ ಎಂಜಿನಿನ ವರ್ಗ. ಭಾರತೀಯ ರೈಲ್ವೆಯ ವರ್ಗಸೂಚಿಯಲ್ಲಿ ಡಬ್ಲ್ಯೂ ಎಂದರೆ ಬ್ರಾಡ್ ಗೇಜ್, ವೈ ಎಂದರೆ ಮೀಟರ್ ಗೇಜ್; ಡಿ ಎಂಬುದು ಡೀಸೆಲನ್ನು ಸೂಚಿಸುತ್ತದೆ. ವೈ.ಪಿ. ಎಂಬುದು ಪ್ರಯಾಣಿಕರ ಬಂಡಿಯನ್ನೆಳೆಯುವ ಮೀಟರ್ ಗೇಜ್ ಉಗಿ ಎಂಜಿನು, ವೈ.ಜಿ. ಸರಕು ಬಂಡಿಯದು.

ಪ್ರಮಾಣ ಮತ್ತು ಹಳಿಯ ಅಗಲಗಳನ್ನು ಎರಡು ಬೇರೆ ಕಲಮುಗಳಲ್ಲಿ ಬರೆಯಬೇಕು. ಎಚ್.ಓ. ಎಂಬ ಪ್ರಮಾಣದಲ್ಲಿ ಮಾದರಿಯು ನಿಜವಾದ ಬಂಡಿಯ 87ನೆಯ ಒಂದು ಭಾಗದಷ್ಟಿರುತ್ತದೆ. ಅದರ ಹಳಿಗಳ ಅಂತರ 16.5 ಮಿಲಿಮೀಟರ್. ಇದು ಯೂರೋಪಿನಲ್ಲಿ ಹೆಚ್ಚಾಗಿರುವ 1435 ಮಿಲಿಮೀಟರ್ ಹಳಿಗೆ ಹೊಂದುತ್ತದೆ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ಅದೇ ಪ್ರಮಾಣಕ್ಕೆ ಇಳಿಸಿದರೆ 19 ಮಿಲಿಮೀಟರಿಗೂ ಮಿಗಿಲು. ಪ್ರಮಾಣವೊಂದನ್ನೇ ಬರೆದರೆ ಮಾದರಿ ಯಾವ ಹಳಿಯ ಮೇಲೆ ಓಡುವುದೆಂಬುದು ತಿಳಿಯದು.

ಮಾದರಿಯ ಮೇಲೆ ಬರೆದಿರುವ ರೈಲ್ವೆಯ ಹೆಸರು, ಅದರ ಈಗಿನ ಸ್ಥಿತಿ, ಇರುವ ಮನೆ, ಕಪಾಟು, ಭಾವಚಿತ್ರ ಇವೂ ಬೇಕು. ಖಾನಾಪುರ ಮಲೆನಾಡಿನ ಅಂಚಿನ ಊರು. ಅಲ್ಲಿನ ಮಳೆಗಾಲದ ತೇವದಿಂದ ತಗಡಿಗೆ ತುಕ್ಕು, ರಟ್ಟಿನ ಪೆಟ್ಟಿಗೆಗೆ ಬೂಷ್ಟು ಹಿಡಿಯುವ ಸಂಭವವುಂಟು. ಪ್ರತಿವರ್ಷ ಸ್ಥಿತಿಯನ್ನು ದಾಖಲಿಸುತ್ತ ಬಂದರೆ ಕೇಡು ಆರಂಭವಾದಾಗಲೇ ಗೋಚರಿಸುತ್ತದೆ.

ಈಗ ತಂತ್ರಾಂಶದ ವಿಚಾರಕ್ಕೆ ಬರೋಣ. ಅದರಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಕೋಷ್ಟಕದ ತಂತ್ರಾಂಶ. ಲಿಬ್ರೆ ಆಫೀಸಿನಂತಹವು ಬೆಲೆಯಿಲ್ಲದೆ ದೊರೆಯುತ್ತವೆ, ಕಲಿಯುವುದೂ ಸುಲಭ. ಎರಡನೆಯದು ದತ್ತಸಂಚಯದ ತಂತ್ರಾಂಶ. ಇದರಲ್ಲಿ ಒಂದು ಎಂಜಿನಿನ ವಿವರಕ್ಕೆ ಅದರ ದುರಸ್ತಿಗಳ ವಿವರವನ್ನೆಲ್ಲ ಜೋಡಿಸಬಹುದು. ಆದರೆ ಕಟ್ಟುವ ಶ್ರಮ ಹೆಚ್ಚು. ಮೂರನೆಯದು ಮಾದರಿ ರೈಲುಗಳಿಗೆಂದೇ ರಚಿಸಿದ ಸಿದ್ಧ ತಂತ್ರಾಂಶ. ಜರ್ಮನಿಯ ಮಾರ್ಕ್ಲಿನ್, ಇಂಗ್ಲೆಂಡಿನ ಹಾರ್ನ್‌ಬಿ ಮುಂತಾದ ತಯಾರಕರ ವಸ್ತುಗಳು ಹೆಚ್ಚಿರುವವರಿಗೆ ಅದು ಅನುಕೂಲ. ಕೈಯಿಂದ ಮಾಡಿದ ವೈ.ಪಿ. ಎಂಜಿನಿಗೆ ತಯಾರಕರ ಸಂಖ್ಯೆಯೇ ಇರುವುದಿಲ್ಲ. ಅಂತಹ ಮಾದರಿಗಳುಳ್ಳವರು ಹೊಸ ಕಲಮುಗಳನ್ನು ಸೇರಿಸಲು ಅವಕಾಶವಿದೆಯೇ ಎಂದು ನೋಡಿಯೇ ಕೊಳ್ಳಬೇಕು.

ಯಾವುದನ್ನೇ ಆರಿಸಲಿ, ಮೂರು ಪರೀಕ್ಷೆಗಳಲ್ಲಿ ಅದು ತೇರ್ಗಡೆಯಾಗಬೇಕು. ಮೊದಲನೆಯದು ಲಿಪಿಯ ಪರೀಕ್ಷೆ. ಬೆಳಗಾವಿಯ ಸೀಮೆಯಲ್ಲಿ ಕನ್ನಡ, ಮರಾಠಿ, ಇಂಗ್ಲಿಷುಗಳ ಬರಹ ಒಂದೇ ಪಟ್ಟಿಯಲ್ಲಿ ಬರುವುದು ಸಹಜ. ಹಿಂದೆ ಹಲವು ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ತೋರಿಸುತ್ತಿದ್ದವು. ಫಾಂಟು ಇಲ್ಲವಾದಾಗ ಬರಹ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ವ್ಯವಸ್ಥೆಯು ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳನ್ನು ಕೊಟ್ಟಿತು. ತಂತ್ರಾಂಶವು ಅದನ್ನು ಬಳಸಬೇಕು.

ಎರಡನೆಯದು ಹುಡುಕಾಟದ ಪರೀಕ್ಷೆ. ಊರಿನ ಹೆಸರು 2014ರಲ್ಲಿ ಬೆಳಗಾವಿ ಎಂದು ಅಧಿಕೃತವಾಯಿತು. ಹಳೆಯ ಮಾದರಿಯ ಫಲಕದಲ್ಲಿ ಬೆಳಗಾಂ ಎಂದೇ ಇರಬಹುದು. ಆದುದರಿಂದ ಒಂದು ಕಲಮಿನಲ್ಲಿ ಎಲ್ಲೆಡೆಗೂ ಒಂದೇ ರೂಪವನ್ನೂ, ಇನ್ನೊಂದರಲ್ಲಿ ಫಲಕದ ಬರಹವನ್ನು ಇದ್ದಂತೆಯೂ ಬರೆಯಬೇಕು. ಯಂತ್ರವು ಬರೆದುದನ್ನು ಹುಡುಕಬಲ್ಲುದೇ ಹೊರತು ನಮ್ಮ ಮನಸ್ಸಿನಲ್ಲಿರುವುದನ್ನು ಹುಡುಕಲಾರದು.

ಮೂರನೆಯದು ಬಿಡುಗಡೆಯ ಪರೀಕ್ಷೆ. ಇದೇ ಎಲ್ಲಕ್ಕಿಂತ ಮಿಗಿಲಾದುದು. ಪಟ್ಟಿಯನ್ನು ಸಿ.ಎಸ್.ವಿ. ಎಂಬ ಸರಳ ರೂಪದ ಕಡತವಾಗಿ ಹೊರತೆಗೆಯಲು ಬರಬೇಕು. ಅದನ್ನು ಬೇರೆ ತಂತ್ರಾಂಶಗಳೂ ಓದಬಲ್ಲವು. ಅಂತರಜಾಲದಲ್ಲಿಯೇ ನಡೆಯುವ ತಂತ್ರಾಂಶವಾದರೆ ದೂರದ ಸಹೋದರರಿಬ್ಬರೂ ಒಂದೇ ಪಟ್ಟಿಯನ್ನು ತಿದ್ದಬಹುದು, ನಿಜ; ಆದರೆ ಸಂಪರ್ಕ ಕಡಿದ ದಿನ, ಅಥವಾ ಆ ಸೇವೆಯೇ ನಿಂತ ದಿನ ಪಟ್ಟಿಯ ಗತಿಯೇನು? ಪ್ರತಿ ತಿಂಗಳು ಒಂದು ಪ್ರತಿಯನ್ನು ಬೆಳಗಾವಿಯಲ್ಲಿಯೂ ಇನ್ನೊಂದನ್ನು ಖಾನಾಪುರದಲ್ಲಿಯೂ ಇರಿಸಿದರೆ ಒಂದು ಮನೆಯ ಅನಾಹುತ ಎರಡೂ ಪ್ರತಿಗಳನ್ನು ನುಂಗಲಾರದು.

ಮೊದಲು ಹತ್ತು ಮಾದರಿಗಳನ್ನಷ್ಟೇ ದಾಖಲಿಸಿ, ಹುಡುಕಿ, ಹೊರತೆಗೆದು ನೋಡಿ, ಆ ಮೇಲೆ ಉಳಿದವುಗಳಿಗೆ ಕೈಹಾಕುವುದು ಜಾಣತನ. ಇನ್ನೂರು ಮಾದರಿಗಳ ಬಳಿಕ ಕಂಡ ದೋಷವನ್ನು ಇನ್ನೂರು ಸಲ ತಿದ್ದಬೇಕಾಗುತ್ತದೆ.

ಉಗಿ ಎಂಜಿನು ಹೋಗಿ ಡೀಸೆಲ್ ಬಂದಂತೆ, ಇಂದಿನ ತಂತ್ರಾಂಶವೂ ಒಂದು ದಿನ ಹಳತಾಗುತ್ತದೆ. ಎಂಜಿನು ಬದಲಾದರೂ ಪ್ರಯಾಣಿಕರು ಊರು ಸೇರಬೇಕಲ್ಲವೇ? ಹಾಗೆಯೇ ತಂತ್ರಾಂಶಗಳು ಬದಲಾದರೂ ಅವು ಹೊತ್ತ ತಿಳಿವಳಿಕೆ ಮುಂದಿನ ತಲೆಮಾರನ್ನು ಸೇರಬೇಕು. ಅದಕ್ಕೆ ಅಡ್ಡಿಯಾಗದ ತಂತ್ರಾಂಶವೇ ಉತ್ತಮ ತಂತ್ರಾಂಶ.